ಜೋಮು ಕಾಲು ಬೆರಳಿಗೆ, ಸ್ಕ್ಯಾನ್ ಸೊಂಟಕ್ಕೆ ಯಾಕೆ? ಮೆದುಳು, ಬೆನ್ನುಹುರಿ, ನರಗಳ ಬಗ್ಗೆ ಒಂದು ಚರ್ಚೆ

ಹೊಸಬೆಳಕು

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ನನ್ನ ಎಡಗಾಲಿನ ಹೆಬ್ಬೆರಳು ಮತ್ತು ಪಾದದ ಮೇಲ್ಭಾಗ ಜೋಮು ಹಿಡಿದೇ ಇದೆ. ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ಮಂದವಾಗಿ. ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಬಲ ಸಾಲುತ್ತಿಲ್ಲ. ಬೆನ್ನುನೋವು ಅಷ್ಟೇನೂ ಇಲ್ಲ. ಡಾಕ್ಟರ್ ಮಂಡಿಗೆ, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಬೆರಳುಗಳನ್ನು ಒತ್ತಿ ನೋಡಿದರು. ಆಮೇಲೆ ಸೊಂಟದ ಎಂಆರ್‌ಐ ಬರೆದುಕೊಟ್ಟರು. ತೊಂದರೆ ಇರುವುದು ಪಾದದಲ್ಲಿ, ಸ್ಕ್ಯಾನ್ ಯಾಕೆ ಸೊಂಟಕ್ಕೆ? ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು. ಗೊತ್ತಿರುವವರು ಬುಡದಿಂದ ಬಿಡಿಸಿ ಹೇಳುತ್ತೀರಾ?

ಅಂಗರಚನೆ ಮೇಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ನರಮಂಡಲ ಅರ್ಧ ಅರ್ಥವಾಯಿತು ಅಂತಲೇ ಲೆಕ್ಕ. ಜೋಮೋ ನೋವೋ ಎಲ್ಲಿ ಅನಿಸುತ್ತದೋ ತೊಂದರೆ ಅಲ್ಲೇ ಇರಬೇಕು ಅಂತಿಲ್ಲ. ನಾನು ಪಾಠ ಮಾಡುವಾಗ ಮೊದಲು ಹೇಳುವುದೇ ಇದನ್ನು.

ಪಾದದ ಚರ್ಮದಿಂದ ಹೊರಟ ಸುದ್ದಿ ಮೆದುಳನ್ನು ಮುಟ್ಟಬೇಕು. ದಾರಿ ಉದ್ದ. ಪಾದ, ಮೊಣಕಾಲು, ತೊಡೆಯ ಹಿಂಭಾಗ ದಾಟಿ, ಸೊಂಟದಲ್ಲಿ ಬೆನ್ನುಮೂಳೆಯ ಪಕ್ಕದ ಕಿಂಡಿಯಿಂದ ಒಳಗೆ ಹೋಗುತ್ತದೆ. ಅಲ್ಲಿಂದ ಬೆನ್ನುಹುರಿ, ಮೆದುಳುಕಾಂಡ, ಮೆದುಳಿನ ನಡುವಿನ ಥಲಾಮಸ್ ಅನ್ನುವ ಭಾಗ, ಕೊನೆಗೆ ಮೆದುಳಿನ ಹೊರಪದರ. ಈ ದಾರಿಯಲ್ಲಿ ಎಲ್ಲಿ ನರಕ್ಕೆ ಒತ್ತಡ ಬಿದ್ದರೂ ನಿಮಗೆ ಅನಿಸುವುದು ಪಾದದಲ್ಲೇ. ಆ ನರದ ಎಳೆ ಯಾವ ಜಾಗದ್ದು ಅನ್ನುವುದಷ್ಟೇ ಮೆದುಳಿಗೆ ಗೊತ್ತು. ನಡುವೆ ಎಲ್ಲಿ ಅಡ್ಡಿಯಾಯಿತು ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಈಗ ಬೆನ್ನುಹುರಿಗೆ ಬರೋಣ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಕತ್ತಿನಲ್ಲಿ 8, ಎದೆಯ ಮಟ್ಟದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕಾಸ್ಥಿಯಲ್ಲಿ 5, ಬಾಲಮೂಳೆಯ ಹತ್ತಿರ 1. ಇವಕ್ಕೆ ಡಾಕ್ಟರ್‌ಗಳು ಸಿ, ಟಿ, ಎಲ್, ಎಸ್ ಅಂತ ಅಕ್ಷರ, ಪಕ್ಕದಲ್ಲಿ ಸಂಖ್ಯೆ ಇಟ್ಟು ಕರೆಯುತ್ತಾರೆ. ಬೆನ್ನುಮೂಳೆಗಳನ್ನೂ ಹೀಗೇ ಕರೆಯುತ್ತಾರೆ. ಹುರಿಯಿಂದ ಹೊರಡುವ ನರದ ಬುಡವೇ ನರಬೇರು. ಒಂದೊಂದು ನರಬೇರಿಗೂ ಚರ್ಮದ ಮೇಲೆ ತನ್ನದೇ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಡರ್ಮಟೋಮ್ ಅನ್ನುತ್ತಾರೆ. ಕೈಯ ಹೆಬ್ಬೆರಳು ಸಿ6, ಕಿರುಬೆರಳು ಸಿ8. ಮೊಲೆತೊಟ್ಟಿನ ಮಟ್ಟ ಟಿ4. ಹೊಕ್ಕುಳು ಟಿ10. ಪಾದದ ಹೊರ ಅಂಚು ಎಸ್1. ಪಾದದ ಮೇಲ್ಭಾಗ ಮತ್ತು ಹೆಬ್ಬೆರಳು ಎಲ್5. ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುವಿಗೂ ಮುಖ್ಯವಾಗಿ ಎಲ್5ರಿಂದಲೇ ಅಪ್ಪಣೆ ಬರುತ್ತದೆ.

ಜೋಮು ಎಲ್5ರ ಚರ್ಮದಲ್ಲಿ. ಬಲ ಕಡಿಮೆಯಾಗಿರುವುದು ಎಲ್5ರ ಸ್ನಾಯುವಿನಲ್ಲಿ. ಹಾಗಾಗಿ ಎಲ್5 ಬೇರು ಇರುವ ಸೊಂಟವನ್ನು ನೋಡಬೇಕು ಅಂತ ಡಾಕ್ಟರ್‌ಗೆ ಅನಿಸಿದೆ. ಸೊಂಟದ 4ನೇ ಮತ್ತು 5ನೇ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹಿಂದಕ್ಕೆ, ಸ್ವಲ್ಪ ಪಕ್ಕಕ್ಕೆ ಉಬ್ಬಿದರೆ ಸಾಮಾನ್ಯವಾಗಿ ಅದು ಒತ್ತುವುದು ಕೆಳಗೆ ಇಳಿಯುತ್ತಿರುವ ಎಲ್5 ಬೇರನ್ನು. ಡಿಸ್ಕ್ ತೊಂದರೆ ಅತಿ ಹೆಚ್ಚಾಗಿ ಬರುವ ಎರಡು ಜಾಗಗಳಲ್ಲಿ ಇದೂ ಒಂದು. ಇನ್ನೊಂದು ಅದರ ಕೆಳಗಿನದು, ಎಲ್5 ಮತ್ತು ಎಸ್1ರ ನಡುವೆ.

ಫಿಸಿಯೋ ಅಕ್ಕ

ಮೇಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಇದೇ ಜೋಮು, ಇದೇ ಬಲಹೀನತೆ ಇನ್ನೊಂದು ಜಾಗದಿಂದಲೂ ಬರಬಹುದು. ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ ಮುಟ್ಟಿ ನೋಡಿ. ಗುಂಡಗಿನ ಮೂಳೆ ಸಿಗುತ್ತದೆ. ಅದನ್ನು ಸುತ್ತಿಕೊಂಡೇ ಪೆರೋನಿಯಲ್ ನರ ಹೋಗುತ್ತದೆ. ಅಲ್ಲಿ ಅದರ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಕಾಲ ಮೇಲೆ ಕಾಲು ಹಾಕಿ ತುಂಬಾ ಹೊತ್ತು ಕುಳಿತರೆ, ಬಿಗಿ ಪ್ಲಾಸ್ಟರ್ ಹಾಕಿದ್ದರೆ, ಹಠಾತ್ತಾಗಿ ತೂಕ ಇಳಿದರೆ ಆ ನರಕ್ಕೆ ಏಟು ಬೀಳುತ್ತದೆ. ಪಾದ ಮೇಲೆತ್ತಲು ಆಗುವುದಿಲ್ಲ, ಪಾದದ ಮೇಲ್ಭಾಗ ಜೋಮು.

ಹಾಗಾದರೆ ಸೊಂಟವೋ ಮೊಣಕಾಲೋ ಅಂತ ಹೇಗೆ ತಿಳಿಯುವುದು? ನಾವು ಪಾದವನ್ನು ಒಳಕ್ಕೆ ತಿರುಗಿಸಲು ಹೇಳುತ್ತೇವೆ. ಆ ಕೆಲಸ ಮಾಡುವ ಮುಖ್ಯ ಸ್ನಾಯುವಿಗೆ ಅಪ್ಪಣೆ ಹೋಗುವುದೂ ಎಲ್5ರಿಂದಲೇ, ಆದರೆ ಅದು ಬೇರೊಂದು ನರದ ಮೂಲಕ, ಮೊಣಕಾಲಿನ ಹಿಂಭಾಗದಿಂದ ಇಳಿಯುತ್ತದೆ. ಹೊರಬದಿಯ ಆ ಮೂಳೆಯ ಹತ್ತಿರ ಸುಳಿಯುವುದೇ ಇಲ್ಲ. ಒಳಕ್ಕೆ ತಿರುಗಿಸುವ ಬಲವೂ ಕಡಿಮೆ ಇದ್ದರೆ ತೊಂದರೆ ಮೇಲೆ, ಬೇರಿನಲ್ಲಿ. ಆ ಬಲ ಸರಿಯಾಗಿದ್ದರೆ ಮೊಣಕಾಲಿನ ಹತ್ತಿರ ಹುಡುಕಬೇಕು. ಯಾವ ಯಂತ್ರವೂ ಇಲ್ಲದೆ ಬರೀ ಕೈಯಿಂದ ಇಷ್ಟು ಪತ್ತೆ ಮಾಡಬಹುದು. ಈ ಕೆಲಸ ನನಗೆ ಇಷ್ಟವಾಗುವುದು ಇದಕ್ಕೇ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಎರಡೂ ಕಾಲು ಸೋಲತೊಡಗಿದರೆ, ಕುಳಿತಾಗ ಆಸನಕ್ಕೆ ತಾಗುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಕಾಯಬೇಡಿ. ಅದೇ ದಿನ ಎಮರ್ಜೆನ್ಸಿಗೆ ಹೋಗಬೇಕು. ಕೆಳಗಿನ ನರಬೇರುಗಳ ಇಡೀ ಗೊಂಚಲೇ ಒತ್ತಿಕೊಂಡಿರಬಹುದು. ತಡವಾದರೆ ಮೂತ್ರದ ಹತೋಟಿ ಮತ್ತೆ ಬರದೇ ಹೋಗಬಹುದು.

ಓದೋ ಹುಡುಗ

ಮೇಷ್ಟ್ರೇ, ಒಂದು ಗೊಂದಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ ಅಂತ ಓದಿದ್ದೇನೆ. ಹಾಗಾದರೆ ಎಲ್5, ಎಸ್1 ಎಲ್ಲಾ ಎಲ್ಲಿಂದ ಬಂತು? ಮತ್ತೆ ಆಪರೇಷನ್‌ಗೆ ಮುಂಚೆ ಬೆನ್ನಿಗೆ ಚುಚ್ಚುತ್ತಾರಲ್ಲ, ಹುರಿಗೆ ಸೂಜಿ ತಾಗುವುದಿಲ್ವಾ?

ಅಂಗರಚನೆ ಮೇಷ್ಟ್ರು

ಎರಡಕ್ಕೂ ಒಂದೇ ಉತ್ತರ ಇದೆ.

ಗರ್ಭದಲ್ಲಿ 3 ತಿಂಗಳ ಹೊತ್ತಿಗೆ ಬೆನ್ನುಹುರಿ ಬೆನ್ನುಮೂಳೆಯಷ್ಟೇ ಉದ್ದ ಇರುತ್ತದೆ. ಪ್ರತಿ ನರವೂ ತನ್ನ ಕಿಂಡಿಯ ಎದುರಿಗೇ ಹುಟ್ಟಿ ನೇರ ಹೊರಗೆ ಹೋಗುತ್ತದೆ. ಆಮೇಲೆ ಮೂಳೆ ಬೇಗ ಬೆಳೆಯುತ್ತದೆ, ಹುರಿ ನಿಧಾನ. ಹುಟ್ಟುವಾಗ ಹುರಿಯ ತುದಿ ಎಲ್3ರ ಸುತ್ತಮುತ್ತ ಇರುತ್ತದೆ. ದೊಡ್ಡವರಲ್ಲಿ ಎಲ್1, ಎಲ್2 ಮೂಳೆಗಳ ನಡುವೆಯೇ ಮುಗಿದುಬಿಡುತ್ತದೆ. ಉದ್ದ 42ರಿಂದ 45 ಸೆಂ.ಮೀ ಅಷ್ಟೇ. ಆದರೆ ನರಗಳು ಹೊರಗೆ ಹೋಗುವ ಕಿಂಡಿಗಳು ಕೆಳಗೇ ಇವೆಯಲ್ಲ? ಹಾಗಾಗಿ ಎಲ್5, ಎಸ್1 ಬೇರುಗಳು ಮೇಲೆ ಹುರಿಯಲ್ಲಿ ಹುಟ್ಟಿ, ಮೂಳೆಯ ಕೊಳವೆಯೊಳಗೇ ಉದ್ದಕ್ಕೆ ಇಳಿದು, ತಮ್ಮ ಕಿಂಡಿ ಬಂದಾಗ ಹೊರಬೀಳುತ್ತವೆ. ಹೀಗೆ ಇಳಿಯುವ ಬೇರುಗಳ ಗೊಂಚಲಿಗೆ ಅಂಗರಚನೆಯಲ್ಲಿ ಕುದುರೆಬಾಲ ಅಂತಲೇ ಹೆಸರು. ಅಕ್ಕ ಎಚ್ಚರಿಕೆ ಕೊಟ್ಟ ಗೊಂಚಲು ಇದೇ.

ಈಗ ಸೂಜಿ. ಅದನ್ನು ಚುಚ್ಚುವುದು ಸಾಮಾನ್ಯವಾಗಿ ಎಲ್3 ಮತ್ತು ಎಲ್4ರ ನಡುವೆ, ಇಲ್ಲವೇ ಎಲ್4 ಮತ್ತು ಎಲ್5ರ ನಡುವೆ. ಎರಡೂ ಬದಿಯ ಸೊಂಟದ ಮೂಳೆಯ ಮೇಲಂಚನ್ನು ಕೈಯಿಂದ ಮುಟ್ಟಿ, ಅಡ್ಡಗೆರೆ ಊಹಿಸಿಕೊಂಡರೆ ಅದು ಎಲ್4ರ ಮಟ್ಟಕ್ಕೆ ಬರುತ್ತದೆ. ಗುರುತು ಸಿಗುವುದು ಹಾಗೆ. ಅಲ್ಲಿ ಹುರಿ ಇಲ್ಲ. ದ್ರವದಲ್ಲಿ ತೇಲುವ ಬೇರುಗಳು ಮಾತ್ರ ಇವೆ. ಬಕೆಟ್ ನೀರಿನಲ್ಲಿ ಸಡಿಲವಾಗಿ ಬಿಟ್ಟ ದಾರದ ಎಳೆಗಳ ನಡುವೆ ಕಡ್ಡಿ ಇಳಿಸಿದರೆ ಎಳೆಗಳು ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಇಲ್ಲೂ ಹಾಗೇ. ಬೇರಿಗೆ ಸೂಜಿ ತಾಗಿದರೆ ಕಾಲಿನಲ್ಲಿ ಚುರುಕ್ ಅನ್ನಬಹುದು. ಆಗ ಹೇಳಬೇಕು, ಅವರು ಸೂಜಿಯ ದಿಕ್ಕು ಬದಲಿಸುತ್ತಾರೆ.

ಮೆದುಳು, ಬೆನ್ನುಹುರಿಯ ಸುತ್ತ ಇರುವ ಆ ದ್ರವದ ಬಗ್ಗೆಯೂ ಹೇಳಿಬಿಡುತ್ತೇನೆ. ಒಟ್ಟು ಇರುವುದು ಸುಮಾರು 150 ಮಿಲಿ. ಆದರೆ ದಿನಕ್ಕೆ ಸುಮಾರು 500 ಮಿಲಿ ತಯಾರಾಗುತ್ತದೆ. ಅಂದರೆ ದಿನದಲ್ಲಿ ಮೂರು ಸಲಕ್ಕಿಂತ ಜಾಸ್ತಿ ಹಳೆಯದು ಹೋಗಿ ಹೊಸದು ಬರುತ್ತದೆ. ಸುಮಾರು 1.4 ಕೆ.ಜಿ ತೂಗುವ ಮೆದುಳು ಈ ದ್ರವದಲ್ಲಿ ತೇಲುವುದರಿಂದ ಅದರ ಭಾರ ಬುಡದ ಮೇಲೆ ಬೀಳುವುದಿಲ್ಲ. ಬೆನ್ನಿಗೆ ಚುಚ್ಚಿದ ತೂತಿನಿಂದ ದ್ರವ ಸೋರಿದರೆ ಕೆಲವರಿಗೆ ತಲೆನೋವು ಬರುತ್ತದೆ. ಎದ್ದು ಕುಳಿತರೆ ಜಾಸ್ತಿ, ಮಲಗಿದರೆ ಕಡಿಮೆ. ಆಗಸ್ಟ್ ಬಿಯರ್ ಅನ್ನುವ ಜರ್ಮನ್ ಶಸ್ತ್ರವೈದ್ಯ 1898ರಲ್ಲಿ ಈ ಅರಿವಳಿಕೆಯನ್ನು ಶುರು ಮಾಡಿದಾಗ ತನ್ನ ಮೇಲೂ ಪ್ರಯೋಗ ಮಾಡಿಸಿಕೊಂಡಿದ್ದ. ಈ ತಲೆನೋವು ಅವನಿಗೂ ಬಂದಿತ್ತು.

ಸಂಜೆಗಾಳಿ

ನನ್ನ ಅಕ್ಕನಿಗೆ ಹೆರಿಗೆಯ ಸಮಯದಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಅವತ್ತಿನಿಂದ ಬೆನ್ನುನೋವು ಅಂತಾಳೆ. ಎಲ್ಲರೂ ಆ ಸೂಜಿಯನ್ನೇ ಬೈಯುತ್ತಾರೆ. ಅದೇ ಕಾರಣನಾ?

ಫಿಸಿಯೋ ಅಕ್ಕ

ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ಆದರೆ ಹೆರಿಗೆಯಲ್ಲಿ ಇಂಜೆಕ್ಷನ್ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವಿಗೂ ಸೂಜಿಗೂ ನಂಟು ಕಂಡಿಲ್ಲ. ಬಸುರಿನಲ್ಲಿ ಸೊಂಟದ ಕಟ್ಟುಗಳು ಸಡಿಲವಾಗುತ್ತವೆ, ಹೊಟ್ಟೆಯ ಸ್ನಾಯು ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಆಮೇಲೆ ಬಗ್ಗಿ ಮಗುವನ್ನು ಎತ್ತುವ ಕೆಲಸ ಬೇರೆ. ಅಕ್ಕನ ನೋವು ಸುಳ್ಳಲ್ಲ. ಬೈಗುಳ ಸೂಜಿಗೆ ಹೋದಷ್ಟು ದಿನ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಗೆ ಬೇಕಾದ ವ್ಯಾಯಾಮ ಹಿಂದೆ ಬೀಳುತ್ತದೆ. ಅದನ್ನು ಶುರು ಮಾಡಿಸಿ.

ಮುಂಜಾವು

ಮಂಡಿಗೆ ಸುತ್ತಿಗೆಯಿಂದ ತಟ್ಟುವುದು ಯಾಕೆ? ಕಾಲು ತಾನಾಗೇ ಎಗರಿದರೆ ಏನು, ಎಗರದಿದ್ದರೆ ಏನು?

ಅಂಗರಚನೆ ಮೇಷ್ಟ್ರು

ಮಂಡಿಚಿಪ್ಪಿನ ಕೆಳಗಿನ ಪಟ್ಟಿಗೆ ತಟ್ಟಿದಾಗ ತೊಡೆಯ ಸ್ನಾಯು ಕ್ಷಣಮಾತ್ರ ಹಿಗ್ಗುತ್ತದೆ. ಹಿಗ್ಗಿದ ಸುದ್ದಿ ನರದ ಹಿಂಬೇರಿನಿಂದ ಬೆನ್ನುಹುರಿಗೆ ಬರುತ್ತದೆ. ಅಲ್ಲೇ, ನಡುವೆ ಬೇರೊಂದು ಕೋಶವೂ ಇಲ್ಲದೆ, ನೇರವಾಗಿ ಸ್ನಾಯು ಎಳೆಯುವ ಕೋಶಕ್ಕೆ ದಾಟುತ್ತದೆ. ಅಪ್ಪಣೆ ಮುಂಬೇರಿನಿಂದ ಹೊರಗೆ ಹೋಗಿ ಕಾಲು ಎಗರುತ್ತದೆ. ಮೆದುಳಿಗೆ ಗೊತ್ತಾಗುವುದು ಆಮೇಲೆ. ಹಿಂಬೇರು ಒಳಬರುವ ಸುದ್ದಿಗೆ, ಮುಂಬೇರು ಹೊರಹೋಗುವ ಅಪ್ಪಣೆಗೆ. ಈ ಕೆಲಸದ ಹಂಚಿಕೆ ಸ್ಕಾಟ್ಲೆಂಡ್ ಮೂಲದ ಚಾರ್ಲ್ಸ್ ಬೆಲ್ 1811ರಲ್ಲಿ ಬರೆದದ್ದರಿಂದ ಶುರುವಾಗಿ, ಫ್ರಾನ್ಸಿನ ಮಾಜಾಂಡಿ 1822ರಲ್ಲಿ ಮಾಡಿದ ಪ್ರಯೋಗದಿಂದ ಖಚಿತವಾಯಿತು.

ಮಂಡಿಯ ತಟ್ಟು ಪರೀಕ್ಷಿಸುವುದು ಎಲ್3, ಎಲ್4ರ ಮಟ್ಟದಲ್ಲಿ ಸುದ್ದಿ ಬಂದು ಅಪ್ಪಣೆ ಮರಳುವ ಈ ಸುತ್ತುದಾರಿಯನ್ನು. ಹಿಮ್ಮಡಿಯ ಮೇಲಿನ ತಟ್ಟು ಎಸ್1ನ್ನು. ನಡುವಿನ ಎಲ್5ಕ್ಕೆ ಅಷ್ಟು ಸುಲಭವಾಗಿ ಸಿಗುವ ತಟ್ಟು ಇಲ್ಲ. ಹಾಗಾಗಿ ಎಲ್5 ಒತ್ತಿಕೊಂಡಿದ್ದರೂ ಎರಡೂ ಕಡೆ ಕಾಲು ಚೆನ್ನಾಗಿಯೇ ಎಗರಬಹುದು. ಎಗರಿತು, ಇನ್ನೇನೂ ಇಲ್ಲ ಅಂದುಕೊಳ್ಳುವ ಹಾಗಿಲ್ಲ.

ಇನ್ನೂ ಒಂದು ಮುಖ್ಯ ವಿಷಯ. ನರ ಅಥವಾ ಬೇರು ಹಾಳಾದರೆ ಸುತ್ತುದಾರಿಯೇ ಕಡಿದು ಎಗರುವುದು ಕಡಿಮೆಯಾಗುತ್ತದೆ. ತೊಂದರೆ ಮೆದುಳಿನಲ್ಲೋ ಬೆನ್ನುಹುರಿಯ ಮೇಲ್ಭಾಗದಲ್ಲೋ ಇದ್ದರೆ ಉಲ್ಟಾ. ಮೆದುಳು ಮಾಮೂಲಿಯಾಗಿ ಈ ಸುತ್ತುದಾರಿಯನ್ನು ಹದದಲ್ಲಿ ಇಟ್ಟಿರುತ್ತದೆ. ಆ ಹಿಡಿತ ತಪ್ಪಿದರೆ, ಮೊದಲ ಆಘಾತದ ಹಂತ ಕಳೆದ ಮೇಲೆ, ಕಾಲು ಬೇಕಾದ್ದಕ್ಕಿಂತ ಜೋರಾಗಿ ಎಗರುತ್ತದೆ. ಕಾಲಿನ ಬಲ ಎರಡರಲ್ಲೂ ಕಡಿಮೆ. ಸುತ್ತಿಗೆ ಹೇಳುವ ಕಥೆ ಮಾತ್ರ ಬೇರೆ. ಬಲ ಕುಂದಿದ ಕಾಲು ಮಂಡಿ ತಟ್ಟಿದಾಗ ಜೋರಾಗಿ ಎಗರಿದರೆ ಸೊಂಟ ಬಿಟ್ಟು ಕತ್ತು, ಎದೆ, ಮೆದುಳಿನ ಕಡೆ ನೋಡಬೇಕು.

ಕುತೂಹಲಿ

ನನ್ನ ಚಿಕ್ಕಪ್ಪನಿಗೆ ಎರಡೂ ಪಾದದಲ್ಲಿ ಜೋಮು, ಉರಿ. ಸಕ್ಕರೆ ಕಾಯಿಲೆ ಇದೆ. ಅವರಿಗೂ ಡಿಸ್ಕ್ ಇರಬಹುದಾ?

ಅಂಗರಚನೆ ಮೇಷ್ಟ್ರು

ಎರಡೂ ಕಡೆ ಸಮನಾಗಿ, ಬೆರಳ ತುದಿಯಿಂದ ಶುರುವಾಗಿ ಮೇಲಕ್ಕೆ ಏರುತ್ತಿದ್ದರೆ ಅದು ಒಂದು ಬೇರಿನ ತೊಂದರೆ ಅಲ್ಲ. ಅತಿ ಉದ್ದದ ನರಗಳು ಮೊದಲು ಸೋಲುತ್ತಿವೆ ಅಂತ ಅರ್ಥ. ಪಾದದ ಬೆರಳಿಗೆ ಹೋಗುವ ಸಂವೇದನೆಯ ಕೋಶದ ದೇಹ ಇರುವುದು ಸೊಂಟದ ಹತ್ತಿರ. ಅದರ ಎಳೆ ಸುಮಾರು 1 ಮೀಟರ್ ಉದ್ದ. ತುದಿಗೆ ಬೇಕಾದ್ದನ್ನೆಲ್ಲ ಕೋಶ ಅಷ್ಟು ದೂರ ಸಾಗಿಸಬೇಕು. ಸಕ್ಕರೆ ಕಾಯಿಲೆಯಲ್ಲಿ ಆ ತುದಿ ಮೊದಲು ನರಳುತ್ತದೆ. ಜೋಮು ಮೊಣಕಾಲಿನ ಮಟ್ಟ ಮುಟ್ಟುವ ಹೊತ್ತಿಗೆ ಕೈಬೆರಳ ತುದಿಗಳಲ್ಲೂ ಶುರುವಾಗುತ್ತದೆ. ಬಿ12 ವಿಟಮಿನ್ ಕಡಿಮೆಯಾದರೂ ಜೋಮು ಬರುತ್ತದೆ, ಜೊತೆಗೆ ಬೆನ್ನುಹುರಿಯ ಹಿಂಭಾಗವೂ ಕೆಡಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ಕಾಲದಿಂದ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಅವರಿಗೆ ರಕ್ತ ಪರೀಕ್ಷೆ ಮಾಡಿಸಿ. ಪಾದವನ್ನು ದಿನಾ ನೋಡಿಕೊಳ್ಳಲು ಹೇಳಿ. ನೋವೇ ತಿಳಿಯದ ಪಾದಕ್ಕೆ ಗಾಯವಾದರೂ ತಿಳಿಯುವುದಿಲ್ಲ.

ಹೊಸಬೆಳಕು

ಎಂಆರ್‌ಐ ವರದಿ ಬಂತು. ಎಲ್4, ಎಲ್5 ನಡುವಿನ ಡಿಸ್ಕ್ ಎಡಕ್ಕೆ ಉಬ್ಬಿ ಎಲ್5 ಬೇರಿಗೆ ತಾಗುತ್ತಿದೆಯಂತೆ. ಸದ್ಯಕ್ಕೆ ಆಪರೇಷನ್ ಬೇಡ, ವ್ಯಾಯಾಮ ಮಾಡಿ, ಬಲ ಇನ್ನೂ ಕಡಿಮೆಯಾದರೆ ತಕ್ಷಣ ಬನ್ನಿ ಅಂದಿದ್ದಾರೆ. ಇಲ್ಲಿ ಓದಿದ್ದರಿಂದ ಅವರು ಹೇಳಿದ್ದೆಲ್ಲ ಅರ್ಥವಾಯಿತು. ಎಲ್ಲರಿಗೂ ಧನ್ಯವಾದ.

ಫಿಸಿಯೋ ಅಕ್ಕ

ಒಳ್ಳೆಯದಾಯಿತು. ಹೊರಗೆ ಬಂದ ಡಿಸ್ಕ್ ತುಂಡನ್ನು ದೇಹವೇ ನಿಧಾನಕ್ಕೆ ಕರಗಿಸುವುದೂ ಉಂಟು. ಬಹುಪಾಲು ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಇನ್ನೊಂದು, ಯಾವ ನೋವೂ ಇಲ್ಲದವರ ಎಂಆರ್‌ಐಯಲ್ಲೂ ಉಬ್ಬಿದ ಡಿಸ್ಕ್ ಕಾಣುವುದು ಬಹಳ ಸಾಮಾನ್ಯ. ಚಿತ್ರದಲ್ಲಿ ಕಂಡದ್ದು ಮತ್ತು ನಿಮ್ಮ ದೇಹ ಹೇಳುತ್ತಿರುವುದು ಎರಡೂ ಹೊಂದಿಕೆಯಾದರೆ ಮಾತ್ರ ಅದಕ್ಕೆ ಬೆಲೆ. ನಿಮ್ಮ ವಿಷಯದಲ್ಲಿ ಹೊಂದಿದೆ. ಸುಮ್ನೆ ವರದಿ ನೋಡಿ ಹೆದರಿ ಹಾಸಿಗೆ ಹಿಡಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮುಂಜಾವು

ನೋವು ಒಂದು ಕಡೆ, ಕಾರಣ ಇನ್ನೊಂದು ಕಡೆ ಅಂದಿರಲ್ಲ. ಹೃದಯಾಘಾತದಲ್ಲಿ ಎಡಗೈ ನೋಯುವುದೂ ಇದೇ ತರಹನಾ? ಅಲ್ಲಿ ಕೈಯ ನರವನ್ನು ಯಾರೂ ಒತ್ತುತ್ತಿಲ್ವಲ್ಲ.

ಅಂಗರಚನೆ ಮೇಷ್ಟ್ರು

ಒತ್ತುತ್ತಿಲ್ಲ, ನಿಜ. ಅದು ಬೇರೆ ಬಗೆ, ಆದರೆ ಬುಡ ಒಂದೇ. ಹೃದಯದಿಂದ ಬರುವ ನೋವಿನ ಎಳೆಗಳು ಬೆನ್ನುಹುರಿಯನ್ನು ಸೇರುವುದು ಟಿ1ರಿಂದ ಟಿ4, ಟಿ5ರವರೆಗಿನ ಮಟ್ಟದಲ್ಲಿ. ತೋಳಿನ ಒಳಬದಿಯ ಚರ್ಮದಿಂದ ಬರುವ ಎಳೆಗಳು ಟಿ1, ಟಿ2ಕ್ಕೆ ಬರುತ್ತವೆ. ಇಬ್ಬರ ಸುದ್ದಿಯೂ ಹುರಿಯೊಳಗೆ ಅವೇ ಕೋಶಗಳನ್ನು ಸೇರಿ ಮೇಲಕ್ಕೆ ಹೋಗುತ್ತದೆ. ಜೀವಮಾನವಿಡೀ ಆ ದಾರಿಯಲ್ಲಿ ಬಂದದ್ದು ಚರ್ಮದ ಸುದ್ದಿಯೇ. ಹೃದಯ ಕೂಗಿದ್ದು ಅಪರೂಪ. ಹಾಗಾಗಿ ಮೆದುಳು ಅದನ್ನು ಎದೆಯ ಮೇಲ್ಮೈ ಮತ್ತು ತೋಳಿನ ಲೆಕ್ಕಕ್ಕೆ ಹಾಕುತ್ತದೆ. ಎಲ್ಲರಿಗೂ ಎಡಗೈಯೇ ನೋಯಬೇಕು ಅಂತಿಲ್ಲ. ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ, ಬಲಗೈ ಕೂಡ ಆಗಬಹುದು.

ನನಗೆ ಇದಕ್ಕಿಂತ ಸೋಜಿಗ ಅನಿಸುವುದು ವಪೆ. ಎದೆ ಮತ್ತು ಹೊಟ್ಟೆಯ ನಡುವೆ ಹಾಸಿದ, ಉಸಿರಾಡಿಸುವ ಸ್ನಾಯು. ಅದರ ನರ ಬರುವುದು ಪಕ್ಕದ ಎದೆಯಿಂದಲ್ಲ. ಮೇಲೆ ಕತ್ತಿನಿಂದ, ಸಿ3, ಸಿ4, ಸಿ5ರಿಂದ. ಭ್ರೂಣದಲ್ಲಿ ವಪೆ ಮೊಳೆಯುವುದು ಕತ್ತಿನ ಮಟ್ಟದಲ್ಲಿ. ಆಮೇಲೆ ಕೆಳಗೆ ಇಳಿಯುವಾಗ ತನ್ನ ನರವನ್ನೂ ಎಳೆದುಕೊಂಡು ಬರುತ್ತದೆ. ಇದರಿಂದ ಎರಡು ಪರಿಣಾಮ. ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಗುಲ್ಮ ಒಡೆದು ರಕ್ತ ವಪೆಗೆ ತಾಗಿದರೆ ನೋಯುವುದು ಎಡಭುಜದ ತುದಿ. ಯಾಕೆಂದರೆ ಭುಜದ ಚರ್ಮವೂ ಸಿ4ರ ಸುತ್ತಮುತ್ತಲಿನದು. ಪಿತ್ತಕೋಶದ ಉರಿಯೂತದಲ್ಲಿ ಬಲಭುಜ ನೋಯುವುದಕ್ಕೂ ಇದೇ ಕಾರಣ. ಅಪಘಾತದ ನಂತರ ಭುಜಕ್ಕೆ ಏಟೇ ಬಿದ್ದಿಲ್ಲ, ಆದರೂ ಎಡಭುಜ ನೋಯುತ್ತಿದೆ ಅಂದರೆ ಹೊಟ್ಟೆಯನ್ನು ನೋಡಬೇಕು.

ಎರಡನೆಯದು ಬೆನ್ನುಹುರಿಯ ಗಾಯ. ಎದೆಯ ಮಟ್ಟದಲ್ಲಿ ಹುರಿ ಕಡಿದರೆ ಕಾಲು ಹೋಗುತ್ತದೆ, ಉಸಿರು ಉಳಿಯುತ್ತದೆ. ಸಿ3ಕ್ಕಿಂತ ಮೇಲೆ ಕಡಿದರೆ ವಪೆಗೆ ಅಪ್ಪಣೆಯೇ ಬರುವುದಿಲ್ಲ, ವೆಂಟಿಲೇಟರ್ ಬೇಕು. ಅಪಘಾತವಾದವರ ಕತ್ತನ್ನು ಅಲುಗಾಡಿಸಬೇಡಿ, ನೀರು ಕುಡಿಸಲು ತಲೆ ಎತ್ತಬೇಡಿ ಅಂತ ಅಷ್ಟು ಒತ್ತಿ ಹೇಳುವುದು ಇದಕ್ಕೇ. ಮುರಿದ ಮೂಳೆ ಒಂದು ಸೆಂಟಿಮೀಟರ್ ಜರುಗಿದರೂ ಹುರಿಯ ಪೂರ್ತಿ ಅಗಲಕ್ಕೆ ಏಟು ಬೀಳಬಹುದು.

ಓದೋ ಹುಡುಗ

ಮೆದುಳಿನ ಬಗ್ಗೆಯೂ ಬರೆಯಿರಿ ಮೇಷ್ಟ್ರೇ. ನಾವು ಬಳಸುವುದು ಬರೀ 10% ಅಂತಾರಲ್ಲ? ಎಡ ಮೆದುಳಿನವರು ಲೆಕ್ಕದಲ್ಲಿ ಜಾಣರು, ಬಲ ಮೆದುಳಿನವರು ಕಲೆಯಲ್ಲಿ ಅಂತಲೂ ಹೇಳುತ್ತಾರೆ.

ಅಂಗರಚನೆ ಮೇಷ್ಟ್ರು

10% ಅನ್ನುವುದು ಸುಳ್ಳು. ದೇಹದ ತೂಕದ 2% ಇರುವ ಮೆದುಳು ನಾವು ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20% ತಿನ್ನುತ್ತದೆ. 90% ಕೆಲಸವಿಲ್ಲದೆ ಬಿದ್ದಿದ್ದರೆ ಇಷ್ಟು ಖರ್ಚು ಯಾಕೆ? ಮೆದುಳಿನ ಯಾವ ಮೂಲೆಗೆ ರಕ್ತ ನಿಂತರೂ ಏನಾದರೊಂದು ಕುಂದು ಬರಬಹುದು.

ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇದು ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ-ಹೌಜೆಲ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಲೆಕ್ಕ. ಅವು ಎಲ್ಲಿವೆ ಗೊತ್ತಾ? ಸುಮಾರು 6,900 ಕೋಟಿ ಕಿರುಮೆದುಳಿನಲ್ಲೇ ಇವೆ. ಮೆದುಳಿನ ತೂಕದಲ್ಲಿ ಹತ್ತನೇ ಒಂದು ಪಾಲು, ಕೋಶಗಳಲ್ಲಿ ಐದನೇ ನಾಲ್ಕು ಪಾಲು. ತಲೆಯ ಹಿಂಭಾಗದಲ್ಲಿ ಕೆಳಗೆ ಕುಳಿತ ಇದು ಚಲನೆಯ ಹದ ನೋಡಿಕೊಳ್ಳುತ್ತದೆ. ಇದು ಕೆಟ್ಟರೆ ಬಲ ಹೋಗುವುದಿಲ್ಲ. ಆದರೆ ಲೋಟ ಹಿಡಿಯಲು ಹೋದ ಕೈ ಗುರಿ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಮಾತು ಮುಗ್ಗರಿಸುತ್ತದೆ. ಯೋಚನೆ, ಭಾಷೆ, ನೋಟ, ಸ್ಪರ್ಶ ಎಲ್ಲಕ್ಕೂ ಬೇಕಾದ ದೊಡ್ಡ ಮೆದುಳಿನ ಹೊರಪದರದಲ್ಲಿ ಸುಮಾರು 1,600 ಕೋಟಿ ಕೋಶಗಳಷ್ಟೇ. ಇನ್ನು ಮೆದುಳುಕಾಂಡ. ಗಾತ್ರದಲ್ಲಿ ಇಷ್ಟೇ ಇಷ್ಟು, ಆದರೆ ಉಸಿರು, ಹೃದಯ ಬಡಿತ, ರಕ್ತದೊತ್ತಡ, ನುಂಗುವುದು, ಎಚ್ಚರ ಎಲ್ಲಾ ಅದರ ಕೈಯಲ್ಲಿ. ಮುಂಭಾಗದ ಹೊರಪದರದಲ್ಲಿ ಕೆಲವು ಸೆಂಟಿಮೀಟರ್ ಹಾಳಾದರೂ ಬದುಕಬಹುದು. ಇಲ್ಲಿ ಒಂದು ಸಣ್ಣ ರಕ್ತಸ್ರಾವವೂ ಪ್ರಾಣಕ್ಕೆ ಬರುತ್ತದೆ.

ಸಂಜೆಗಾಳಿ

ಆದರೆ ಎಡ, ಬಲ ಪೂರ್ತಿ ಸುಳ್ಳಲ್ಲ ಅಲ್ವಾ? ಮಾತು ಎಡಗಡೆ ಅಂತ ನಾನೂ ಓದಿದ್ದೇನೆ.

ಅಂಗರಚನೆ ಮೇಷ್ಟ್ರು

ಹೌದು, ಕೆಲಸಗಳ ಹಂಚಿಕೆ ಇದೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಅವರಿಗೆ ಒಬ್ಬ ರೋಗಿ ಸಿಕ್ಕಿದ. ಬೇರೆಯವರ ಮಾತು ಅರ್ಥವಾಗುತ್ತಿತ್ತು. ಅವನ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ 'ಟಾನ್' ಅನ್ನುವ ಸದ್ದೊಂದೇ. ಸತ್ತ ಮೇಲೆ ನೋಡಿದರೆ ಎಡ ಮುಂಭಾಗದಲ್ಲಿ ಗಾಯ. ಬಲಗೈ ಬಳಸುವವರಲ್ಲಿ 90%ಕ್ಕೂ ಹೆಚ್ಚು ಜನರಿಗೆ ಭಾಷೆಯ ಮುಖ್ಯ ಕೆಲಸ ಎಡಗಡೆಯೇ. ಆದರೆ ಮಾತಿನ ಏರಿಳಿತದಲ್ಲಿರುವ ಸಿಟ್ಟು, ಪ್ರೀತಿ ಹಿಡಿಯುವುದರಲ್ಲಿ ಬಲಗಡೆಯ ಪಾಲು ಹೆಚ್ಚು. ಎರಡೂ ಅರ್ಧಗಳ ನಡುವೆ ಸುಮಾರು 20 ಕೋಟಿ ಎಳೆಗಳ ಸೇತುವೆ ಇದೆ. ಲೆಕ್ಕ ಮಾಡುವಾಗಲೂ ಚಿತ್ರ ಬರೆಯುವಾಗಲೂ ಎರಡೂ ದುಡಿಯುತ್ತವೆ. ಹಾಗಾಗಿ ಯಾವುದಾದರೂ ಮಗುವನ್ನು 'ಇದು ಬಲ ಮೆದುಳಿನ ಮಗು, ಗಣಿತ ಬರುವುದಿಲ್ಲ' ಅಂತ ಬದಿಗಿಡುವುದು ದೊಡ್ಡ ಅನ್ಯಾಯ. ಈ ಮಾತಿಗೆ ಅಂಗರಚನೆಯಲ್ಲಿ ಆಧಾರ ಇಲ್ಲ.

ಕುತೂಹಲಿ

ಕಾಲಿನ ಬೆರಳು ಬಾಗಿಲಿಗೆ ಬಡಿದಾಗ ಮೊದಲು ಚುರುಕ್ ಅಂತ ಒಂದು ನೋವು, ಸ್ವಲ್ಪ ಬಿಟ್ಟು ಕೊರೆಯುವ ಇನ್ನೊಂದು ನೋವು ಬರುತ್ತದೆ. ಇದು ನನಗೆ ಮಾತ್ರವಾ?

ಅಂಗರಚನೆ ಮೇಷ್ಟ್ರು

ಎಲ್ಲರಿಗೂ. ನೋವಿಗೆ ಎರಡು ಬಗೆಯ ಎಳೆಗಳಿವೆ. ಮಯಲಿನ್ ಅನ್ನುವ ಕೊಬ್ಬಿನಂಶದ ತೆಳುವಾದ ಹೊದಿಕೆ ಇರುವ ಎಳೆಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಮೊದಲ ನೋವು ಅದು. ಹೊದಿಕೆ ಇಲ್ಲದ ಎಳೆಗಳಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್ ಅಷ್ಟೇ. ಕಾಲಿನ ಬೆರಳಿನಿಂದ ಬೆನ್ನುಹುರಿಗೆ ಮೀಟರ್‌ಗಿಂತ ಹೆಚ್ಚೇ ದೂರ. ಹಾಗಾಗಿ ಒಂದು ಸೆಕೆಂಡು, ಅದಕ್ಕೂ ಸ್ವಲ್ಪ ಜಾಸ್ತಿ ತಡ. ಅತಿ ದಪ್ಪ ಎಳೆಗಳಲ್ಲಿ ವೇಗ ಸೆಕೆಂಡಿಗೆ 120 ಮೀಟರ್‌ವರೆಗೂ ಹೋಗುತ್ತದೆ. ನರದ ವೇಗವನ್ನು ಅಳೆಯುವುದೇ ಆಗದ ಮಾತು ಅಂತ ದೊಡ್ಡ ವಿಜ್ಞಾನಿಗಳು ನಂಬಿದ್ದ ಕಾಲದಲ್ಲಿ, 1850ರಲ್ಲಿ, ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದು ತೋರಿಸಿದರು.

ಬಡಿದ ಜಾಗವನ್ನು ಉಜ್ಜಿಕೊಂಡರೆ ನೋವು ಕಡಿಮೆಯಾಗುತ್ತದಲ್ಲ, ಅದಕ್ಕೂ ಕಾರಣ ಇದೆ. ಸ್ಪರ್ಶದ ದಪ್ಪ ಎಳೆಗಳ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಹಿಡಿಯುತ್ತದೆ. ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟ ವಿವರಣೆ ಇದು. ವಿವರಗಳು ಆಮೇಲೆ ಬದಲಾಗಿವೆ, ಮೂಲ ವಿಚಾರ ಉಳಿದಿದೆ.

ಸಂಜೆಗಾಳಿ

ಕಡಿದ ನರ ಮತ್ತೆ ಬೆಳೆಯುತ್ತಾ? ನನ್ನ ಗೆಳೆಯನಿಗೆ ಮಣಿಕಟ್ಟಿನ ಹತ್ತಿರ ಗಾಜು ತಗುಲಿ ನರ ಹೊಲಿದಿದ್ದಾರೆ. ಬೆರಳು ಇನ್ನೂ ಮರಗಟ್ಟಿದೆ, ತುಂಬಾ ಬೇಸರದಲ್ಲಿದ್ದಾನೆ.

ಫಿಸಿಯೋ ಅಕ್ಕ

ಬೆಳೆಯುತ್ತದೆ, ಅವರಿಗೆ ಧೈರ್ಯ ಹೇಳಿ. ಕೈಕಾಲಿನ ನರಗಳಲ್ಲಿ ಕಡಿದ ಜಾಗದಿಂದ ಮುಂದಿನ ಎಳೆ ಸಾಯುತ್ತದೆ, ಆದರೆ ಅದರ ಸುತ್ತ ಹೊದಿಕೆ ಕಟ್ಟುವ ಶ್ವಾನ್ ಕೋಶಗಳು ಉಳಿದು ಹೊಸ ಎಳೆಗೆ ದಾರಿ ತೋರಿಸುತ್ತವೆ. ಹೊಸ ಎಳೆ ದಿನಕ್ಕೆ ಸುಮಾರು 1 ಮಿ.ಮೀ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ಹತ್ತಿರ ಹತ್ತಿರ 18 ಸೆಂ.ಮೀ ಅಂತಿಟ್ಟುಕೊಳ್ಳಿ. 6 ತಿಂಗಳ ಮೇಲೆ ಬೇಕು. ಎಳೆ ಎಲ್ಲಿಯವರೆಗೆ ಬಂದಿದೆ ಅಂತ ತಿಳಿಯಬೇಕಾದರೆ ನರದ ದಾರಿಯುದ್ದಕ್ಕೂ ಬೆರಳಿಂದ ಮೆಲ್ಲಗೆ ತಟ್ಟುತ್ತೇವೆ. ಬೆಳೆಯುತ್ತಿರುವ ತುದಿಗೆ ತಟ್ಟಿದಾಗ ಮುಂದಿನ ಬೆರಳಿನಲ್ಲಿ ಜುಂ ಅನ್ನುತ್ತದೆ. ಆ ಜಾಗ ತಿಂಗಳಿಂದ ತಿಂಗಳಿಗೆ ಮುಂದೆ ಸಾಗುತ್ತಿದ್ದರೆ ಬೆಳವಣಿಗೆ ಸರಿ ಇದೆ. ಫ್ರಾನ್ಸಿನ ಟಿನೆಲ್ 1915ರಲ್ಲಿ ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿ ಬರೆದ ಪರೀಕ್ಷೆ ಇದು. ಅಲ್ಲಿಯವರೆಗೆ ಬಿಸಿ, ಚೂಪು ವಸ್ತುಗಳಿಂದ ಬೆರಳನ್ನು ಕಾಪಾಡಿಕೊಳ್ಳಬೇಕು, ಗಂಟುಗಳು ಬಿಗಿಯದಂತೆ ಆಡಿಸುತ್ತಿರಬೇಕು.

ಬೆನ್ನುಹುರಿಯಲ್ಲಿ ಈ ಅದೃಷ್ಟ ಇಲ್ಲ. ಅಲ್ಲಿ ಹೊದಿಕೆ ಕಟ್ಟುವ ಕೋಶಗಳೇ ಬೇರೆ. ಆ ಹೊದಿಕೆಯಲ್ಲೇ ಬೆಳವಣಿಗೆಯನ್ನು ತಡೆಯುವ ಪ್ರೋಟೀನ್‌ಗಳಿವೆ, ಗಾಯದ ಕಲೆಯೂ ಅಡ್ಡ ನಿಲ್ಲುತ್ತದೆ. ಆದರೂ ಪೂರ್ತಿ ಕಡಿಯದ ಹುರಿಯಲ್ಲಿ ಉಳಿದ ಎಳೆಗಳು ಹೊಸ ಕವಲು ಹೊಡೆದು ಬೇರೆ ದಾರಿ ಮಾಡಿಕೊಳ್ಳುವುದನ್ನು ಅಭ್ಯಾಸದಿಂದ ಹೆಚ್ಚಿಸಬಹುದು. ದಿನದಿನದ ವ್ಯಾಯಾಮಕ್ಕೆ ನಾನು ಇಷ್ಟು ಅಂಟಿಕೊಳ್ಳುವುದು ಅದಕ್ಕೆ.

ಮುಂಜಾವು

ಕೊನೆಯದಾಗಿ ಒಂದು. ಮುಖ ಒಂದು ಕಡೆ ಸೊಟ್ಟಗಾದರೆ ಲಕ್ವ ಅಂತಾರೆ. ಕೆಲವರಿಗೆ ತಾನಾಗೇ ಸರಿಹೋಗುತ್ತದೆ, ಕೆಲವರಿಗೆ ಕೈಕಾಲೂ ಬಿದ್ದುಹೋಗುತ್ತದೆ. ಎರಡೂ ಒಂದೇನಾ?

ಅಂಗರಚನೆ ಮೇಷ್ಟ್ರು

ಎರಡು ಬೇರೆ ಬೇರೆ ಜಾಗದ ತೊಂದರೆ. ಮೆದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ 7ನೆಯದು ಮುಖದ ನರ. ಅದು ಕಿವಿಯ ಹಿಂದಿನ ಮೂಳೆಯ ಇಕ್ಕಟ್ಟಾದ ಕೊಳವೆಯಲ್ಲಿ ಹಾದು ಬರುತ್ತದೆ. ಅಲ್ಲಿ ಊದಿಕೊಂಡು ಒತ್ತಿಕೊಂಡರೆ ಬೆಲ್ಸ್ ಪಾಲ್ಸಿ. ಆ ಬದಿಯ ಇಡೀ ಮುಖ ಸೋಲುತ್ತದೆ. ಹಣೆ ಸುಕ್ಕಾಗುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಬಾಯಿ ಜಾರುತ್ತದೆ. ಮೊದಲ 72 ಗಂಟೆಯೊಳಗೆ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ಮುಚ್ಚದ ಕಣ್ಣು ಒಣಗದಂತೆ ಹನಿ ಹಾಕಿ ಕಾಪಾಡಬೇಕು.

ಮೆದುಳಿನ ಹೊರಪದರಕ್ಕೆ ರಕ್ತ ನಿಂತಾಗ, ಅಂದರೆ ಸ್ಟ್ರೋಕ್ ಆದಾಗ, ಕಥೆ ಬೇರೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಅರ್ಧಗಳಿಂದ ಅಪ್ಪಣೆ ಬರುತ್ತದೆ. ಮುಖದ ಕೆಳಭಾಗಕ್ಕೆ ಬಹುಪಾಲು ಎದುರು ಬದಿಯಿಂದ ಮಾತ್ರ. ಹಾಗಾಗಿ ಒಂದು ಬದಿಯ ಮೆದುಳು ಕೆಟ್ಟರೆ ಬಾಯಿ ಸೊಟ್ಟಗಾಗುತ್ತದೆ, ಹುಬ್ಬು ಮಾತ್ರ ಎರಡೂ ಕಡೆ ಏರುತ್ತದೆ. ಕೈಕಾಲಿನ ಅಪ್ಪಣೆಗಳೂ ಮೆದುಳುಕಾಂಡದ ಕೆಳಭಾಗದಲ್ಲಿ ಬದಿ ಬದಲಿಸುವುದರಿಂದ ಎಡ ಮೆದುಳಿನ ಏಟಿಗೆ ಬಲ ಕೈಕಾಲು ಬೀಳುತ್ತವೆ, ಜೊತೆಗೆ ಮಾತೂ ಹೋಗಬಹುದು.

ಆದರೆ ಹಣೆ ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಮೆದುಳುಕಾಂಡದ ಸ್ಟ್ರೋಕ್‌ನಲ್ಲಿ ಹಣೆಯೂ ಸೋಲಬಹುದು. ಮುಖ ಜಾರಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲಿತು, ಇವುಗಳಲ್ಲಿ ಒಂದೇ ಕಂಡರೂ ಸಮಯ ನೋಡಿಕೊಂಡು ತಕ್ಷಣ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಅದರ ಲೆಕ್ಕ ಶುರುವಾಗುವುದು ಆ ವ್ಯಕ್ತಿ ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ನೋಡಿದ ಹೊತ್ತಿನಿಂದ. ಆಸ್ಪತ್ರೆಯಲ್ಲಿ ಅವರು ಮೊದಲು ಕೇಳುವುದೂ ಅದನ್ನೇ.